ದೀಪದ ಜಾಗದಲ್ಲಿ ರಿಮೋಟ್ ಫ್ಯಾನ್: ಕರೆಂಟಿಗಿಂತ ಹಿಡಿತ ಮುಖ್ಯ

ಸೂರಿನ ದೀಪ ತೆಗೆದು ಅಲ್ಲಿ ರಿಮೋಟ್ ಫ್ಯಾನ್ ಕೂರಿಸಲು ಹೊಸ ವೈರ್ ಎಳೆಯಬೇಕಾಗುವುದು ಅಪರೂಪ. ಸಾಮಾನ್ಯ ಇಂಡಕ್ಷನ್ ಮೋಟಾರಿನ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು, ಕರೆಂಟ್ ಉಳಿಸುವ ಬ್ರಶ್ ಇಲ್ಲದ ಡಿಸಿ ಮೋಟಾರಿನ (ಬಿಎಲ್‌ಡಿಸಿ) ಫ್ಯಾನಿಗೆ 30 ವ್ಯಾಟ್ ಆಸುಪಾಸು. ದೀಪಕ್ಕೆಂದು ಹಾಕಿದ ಒಳ್ಳೆಯ ಸ್ಥಿತಿಯ ತಂತಿಗೆ ಇದು ಹೊರೆಯಲ್ಲ. ಪ್ರಶ್ನೆ ಇರುವುದು ಸೂರಿನ ಹಿಡಿತದಲ್ಲಿ.

ದೀಪ ಅಲ್ಲಾಡದೆ ತೂಗುತ್ತದೆ, ಫ್ಯಾನ್ ಹಾಗಲ್ಲ. ಒಂದು ರೆಕ್ಕೆಯಲ್ಲಿ ನಡುವಿನಿಂದ 60 ಸೆಂ.ಮೀ. ದೂರದಲ್ಲಿ ಬರೀ 10 ಗ್ರಾಂ ಹೆಚ್ಚಿಗೆ ಇದೆ ಎಂದುಕೊಳ್ಳಿ. ನಿಮಿಷಕ್ಕೆ 350 ಸುತ್ತು ತಿರುಗುವಾಗ ಅದು ಸುಮಾರು 8 ನ್ಯೂಟನ್ ಬಲದಿಂದ, ಅಂದರೆ 800 ಗ್ರಾಂ ತೂಕದಷ್ಟು, ಫ್ಯಾನನ್ನು ಪಕ್ಕಕ್ಕೆ ಜಗ್ಗುತ್ತದೆ. ಈ ಜಗ್ಗಾಟದ ದಿಕ್ಕು ಸೆಕೆಂಡಿಗೆ ಹೆಚ್ಚುಕಡಿಮೆ ಆರು ಸುತ್ತು ಬರುತ್ತದೆ. ಎಂಟು ಗಂಟೆ ಓಡಿದರೆ 1,68,000 ಸುತ್ತು. ದೀಪದ ಪ್ಲಾಸ್ಟಿಕ್ ಬಾಕ್ಸಿನ ಎರಡು ಸಣ್ಣ ತಿರುಪುಗಳು ಇದನ್ನು ತಾಳವು, ನಿಧಾನವಾಗಿ ಸಡಿಲಾಗುತ್ತವೆ. ಹಾಗಾಗಿ ಕಾಂಕ್ರೀಟ್ ಸೂರಾದರೆ ಆ್ಯಂಕರ್ ಬೋಲ್ಟ್ ಅಥವಾ ಸರಳಿಗೆ ಬಿಗಿದ ಕೊಕ್ಕೆ ಬೇಕು, ಮರದ ಸೂರಾದರೆ ತೊಲೆಗೇ ಕಚ್ಚಿದ ಬ್ರಾಕೆಟ್ ಬೇಕು. ಫಾಲ್ಸ್ ಸೀಲಿಂಗಿನ ಹಲಗೆಗೆ ಫ್ಯಾನ್ ತೂಗುಹಾಕಲೇಬಾರದು. ಫ್ಯಾನ್ ತೂಗುವ ಕೊಳವೆಯ, ಅಂದರೆ ಡೌನ್‌ರಾಡಿನ, ಬೋಲ್ಟಿಗೆ ಸ್ಪ್ಲಿಟ್ ಪಿನ್ ಹಾಕಿ ಅದರ ಕಾಲು ಅಗಲಿಸುವುದು ಚಿಕ್ಕ ಕೆಲಸ; ನಟ್ ಬಿಚ್ಚಿಕೊಂಡ ದಿನ ಫ್ಯಾನನ್ನು ಹಿಡಿದಿಡುವುದು ಅದೇ.

ರೆಕ್ಕೆ ನೆಲದಿಂದ ಕನಿಷ್ಠ 2.1 ಮೀಟರ್ ಎತ್ತರದಲ್ಲಿರಲಿ, 2.4 ಇದ್ದರೆ ಇನ್ನೂ ಒಳ್ಳೆಯದು. ಸೂರಿಗೆ ತೀರಾ ಅಂಟಿಕೊಂಡರೆ ಮೇಲಿನಿಂದ ಗಾಳಿ ಸಿಗದೆ ಬೀಸು ಕುಗ್ಗುತ್ತದೆ.

ಕೆಲಸಕ್ಕೆ ಮೊದಲು ಮೀಟರ್ ಬೋರ್ಡಿನ ಎಂಸಿಬಿಯನ್ನೇ (ಆ ಸಾಲಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು: ಯಾರೋ ಸ್ವಿಚ್ಚನ್ನು ಫೇಸಿಗೆ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್ಲಿಗೆ (ಹಿಂದಿರುಗುವ ತಂತಿ) ಜೋಡಿಸಿದ್ದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ಫೇಸ್ ಜೀವಂತವಾಗಿರುತ್ತದೆ. ತಂತಿ ಮುಟ್ಟುವ ಮುನ್ನ ಪರೀಕ್ಷಿಸಿ. ಪರೀಕ್ಷಿಸುವ ಸಾಧನವನ್ನು ಅದಕ್ಕೂ ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ನೋಡಿಕೊಂಡಿರಬೇಕು.

ದೀಪದ ಜಾಗಕ್ಕೆ ಬರುವುದು ಸ್ವಿಚ್ಚಿನಿಂದ ಇಳಿದ ಒಂದೇ ಫೇಸ್. ದೀಪವೂ ಇರುವ ಫ್ಯಾನಿಗೆ ಎರಡು ಬೇಕು. ಈ ಕೊರತೆಯನ್ನು ತುಂಬುವುದೇ ಕೆನಪಿಯೊಳಗಿನ (ಸೂರಿಗೆ ತಾಗಿದ ಬಟ್ಟಲಿನಂಥ ಮುಚ್ಚಳ) ರಿಸೀವರ್, ಅಂದರೆ ರಿಮೋಟಿನ ಆದೇಶ ಪಡೆಯುವ ಪೆಟ್ಟಿಗೆ: ಒಳಬರುವ ಬದಿಗೆ ಫೇಸ್ ಮತ್ತು ನ್ಯೂಟ್ರಲ್, ಹೊರಹೋಗುವ ಬದಿಯಿಂದ ಮೋಟಾರಿಗೊಂದು, ದೀಪಕ್ಕೊಂದು, ಎರಡಕ್ಕೂ ಸೇರಿದ ನ್ಯೂಟ್ರಲ್ ಒಂದು. ಎರಡು ಬದಿ ಅದಲುಬದಲಾದರೆ ರಿಸೀವರ್ ಸುಟ್ಟುಹೋಗಬಹುದು. ಅರ್ಥ್ ತಂತಿ ಫ್ಯಾನಿನ ಲೋಹದ ಮೈಗೂ ಬ್ರಾಕೆಟ್ಟಿಗೂ ನೇರವಾಗಿ ಹೋಗಬೇಕು.

ಗೋಡೆಯಲ್ಲಿ ಹಳೆಯ ಡಿಮ್ಮರ್ ಅಥವಾ ರೆಗ್ಯುಲೇಟರ್ ಇದ್ದರೆ ತೆಗೆದು ಮಾಮೂಲಿ ಸ್ವಿಚ್ ಹಾಕಿ. ಎಲೆಕ್ಟ್ರಾನಿಕ್ ಡಿಮ್ಮರ್ ವಿದ್ಯುತ್ತಿನ ಅಲೆಯ ಒಂದು ಭಾಗ ಕತ್ತರಿಸಿ ಕಳಿಸುತ್ತದೆ. ತುಂಡಾದ ಆ ಅಲೆಯಲ್ಲಿ ರಿಸೀವರ್ ತಡವರಿಸುತ್ತದೆ, ಗುಂಯ್‌ಗುಟ್ಟುತ್ತದೆ, ಕೊನೆಗೆ ಕೆಡುತ್ತದೆ. ರೇಡಿಯೋ ರಿಮೋಟಾದರೆ ಆ್ಯಂಟೆನಾ ತಂತಿಯನ್ನು ಲೋಹದ ಬ್ರಾಕೆಟ್ಟಿನಡಿ ಮಡಚಿ ತುರುಕಬೇಡಿ, ರಿಮೋಟ್ ಕೆಲಸ ಮಾಡುವ ದೂರ ಕುಗ್ಗುತ್ತದೆ. ರೇಡಿಯೋ ಗೋಡೆ ದಾಟುವುದರಿಂದ ಪಕ್ಕದ ಕೋಣೆಯ ಫ್ಯಾನೂ ಓಗೊಟ್ಟರೆ ಕೋಡ್ ಬದಲಿಸಿ ರಿಮೋಟನ್ನು ರಿಸೀವರಿಗೆ ಮತ್ತೆ ಜೋಡಿಸಿ.

ಓಡಿಸಿದಾಗ ತೊನೆದಾಡಿದರೆ ಮೊದಲು ರೆಕ್ಕೆಯ ತಿರುಪುಗಳನ್ನು ಬಿಗಿ ಮಾಡಿ. ಆಮೇಲೆ ಪ್ರತಿ ರೆಕ್ಕೆಯ ತುದಿಯಿಂದ ಸೂರಿಗಿರುವ ಅಂತರವನ್ನು ಒಂದೇ ಜಾಗದಲ್ಲಿ ಅಳೆಯಿರಿ. ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರೆಕ್ಕೆಯ ಕೈ ಬಾಗಿದೆ. ಅಳತೆ ಸರಿಯಿದ್ದರೆ ತೂಕದ್ದೇ ದೋಷ, ಬ್ಯಾಲೆನ್ಸಿಂಗ್ ಕ್ಲಿಪ್ಪನ್ನು ಒಂದೊಂದೇ ರೆಕ್ಕೆಗೆ ಸಿಕ್ಕಿಸಿ ನೋಡಬೇಕು.