ಬಿ.ಎ.ಗೆ ಮನೆ ಹತ್ತಿರದ ಸರ್ಕಾರಿ ಕಾಲೇಜು ಸಾಕಾ?

ಪ್ರಶ್ನೆ: ಮಗಳು ಪಿಯುಸಿ ಆರ್ಟ್ಸ್ ಪಾಸಾಗಿದ್ದಾಳೆ. ಇತಿಹಾಸ ಅಂದರೆ ಪ್ರಾಣ. ನಾವಿರುವುದು ಬೆಂಗಳೂರಿನ ಸುಂಕದಕಟ್ಟೆಯಲ್ಲಿ. ಹತ್ತಿರದ ಸರ್ಕಾರಿ ಕಾಲೇಜಿಗೇ ಸೇರಿಸೋಣವಾ, ಇಲ್ಲಾ ಸಿಟಿ ಒಳಗಿನ ಹಳೇ ಕಾಲೇಜಿಗೆ ಕಳಿಸೋಣವಾ?

ಉತ್ತರ: ಕಾಲೇಜಿನ ಹೆಸರು ಆಮೇಲೆ. ಮೊದಲು ಕಾಂಬಿನೇಷನ್, ಅಂದರೆ ಯಾವ ಯಾವ ವಿಷಯ ಒಟ್ಟಿಗೆ ಓದಬಹುದು ಅಂತ ನೋಡಿ. ಇತಿಹಾಸದ ಜೊತೆ ಅರ್ಥಶಾಸ್ತ್ರ ಇದೆಯಾ, ಸಮಾಜಶಾಸ್ತ್ರ ಇದೆಯಾ, ಆಪ್ಷನಲ್ ಕನ್ನಡ (ಬರೀ ಭಾಷೆಯಾಗಿ ಅಲ್ಲ, ಮುಖ್ಯ ವಿಷಯವಾಗಿ ಓದುವ ಕನ್ನಡ) ಇದೆಯಾ ಅನ್ನುವುದು ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ. ಇದು ಚಿಕ್ಕ ವಿಷಯ ಅಲ್ಲ. ಮುಂದೆ ಎಂ.ಎ.ಗೋ ಬಿ.ಎಡ್.ಗೋ ಹೋದಾಗ ಡಿಗ್ರಿಯಲ್ಲಿ ಏನು ಓದಿದ್ದೀಯಮ್ಮ ಅಂತಲೇ ಕೇಳುತ್ತಾರೆ. 2024-25ರಿಂದ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಹೋಗಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ, ಹಾಗಾಗಿ ಹಿಂದಿನ ಬ್ಯಾಚಿನವರ ಲೆಕ್ಕ ಹಿಡಿದುಕೊಂಡು ಹೋಗಬೇಡಿ.

ಆಮೇಲೆ ಮೇಷ್ಟ್ರು. ನಾನೂ ಸರ್ಕಾರಿ ಕಾಲೇಜಿನಲ್ಲೇ ಬಿ.ಎ. ಓದಿದವನು. ನಮಗೆ ಆಪ್ಷನಲ್ ಕನ್ನಡಕ್ಕೆ ಕಾಯಂ ಉಪನ್ಯಾಸಕರು ಇರಲಿಲ್ಲ. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಮುಗಿದಿತ್ತು, ಅಲ್ಲಿಯವರೆಗೆ ನಾವು ಹನ್ನೊಂದು ಜನ ಖಾಲಿ ಕ್ಲಾಸಿನಲ್ಲಿ ಕೂತು ಎದ್ದು ಬರುತ್ತಿದ್ದೆವು. ಬಂದ ಮೇಡಂ ಮಾತ್ರ ಅದ್ಭುತವಾಗಿ ಪಾಠ ಮಾಡಿದರು, ಹಳಗನ್ನಡವನ್ನು ಓದಿ ಹೇಳಿದರೆ ಕಣ್ಣಿಗೆ ಕಟ್ಟುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಅತಿಥಿ ಉಪನ್ಯಾಸಕರು ಅಂದರೆ ಕಡಿಮೆ ಅಂತಲ್ಲ, ವರ್ಷದ ಶುರುವಿನಿಂದ ಯಾರಾದರೂ ಇರುತ್ತಾರಾ ಅನ್ನುವುದು ಮುಖ್ಯ. ಇದನ್ನು ಆಫೀಸಿನಲ್ಲಿ ಕೇಳಿದರೆ ‘ಎಲ್ಲಾ ಇದ್ದಾರೆ’ ಅಂತಾರೆ. ಗೇಟಿನ ಹತ್ತಿರ ಟೀ ಕುಡಿಯುತ್ತಾ ನಿಂತಿರುವ ಸೀನಿಯರ್‌ಗಳನ್ನು ಕೇಳಿ. ಹೋದ ವರ್ಷ ಇತಿಹಾಸದ ಕ್ಲಾಸು ಯಾವ ತಿಂಗಳಲ್ಲಿ ಶುರುವಾಯಿತು, ಅಷ್ಟು ಸಾಕು. ಪಾಠ ಕನ್ನಡದಲ್ಲಾ ಇಂಗ್ಲಿಷಿನಲ್ಲಾ ಅಂತಲೂ ಅವರೇ ಹೇಳುತ್ತಾರೆ.

ಇನ್ನು ದೂರ. ಅಂಬೇಡ್ಕರ್ ಬೀದಿಯ ಸರ್ಕಾರಿ ಕಲಾ ಕಾಲೇಜಿಗೆ ಮೆಜೆಸ್ಟಿಕ್‌ಗೆ ಬಂದು ಮುಂದಕ್ಕೆ ಹೋಗಬೇಕು, ಟ್ರಾಫಿಕ್ಕಿನಲ್ಲಿ ದಿನಾ ಸುಸ್ತಾಗುತ್ತದೆ ನಿಜ. ಆದರೆ ಅಲ್ಲಿಂದ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ನಡೆದೇ ಹೋಗಬಹುದು. ಪಾರ್ಕ್ ದಾಟಿದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಹತ್ತನೇ ಶತಮಾನದ ಆತಕೂರು ಕಲ್ಲು ಅಲ್ಲಿದೆ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೆ ನಿಲ್ಲಿಸಿದ ಕಲ್ಲು. ಇತಿಹಾಸ ಇಷ್ಟಪಡುವ ಹುಡುಗಿ ಕ್ಲಾಸು ಮುಗಿಸಿ ಅದರ ಮುಂದೆ ಹೋಗಿ ನಿಲ್ಲಬಹುದು ಅಂದರೆ ಸುಮ್ನೆ ಮಾತಲ್ಲ. ಹೆಣ್ಣುಮಕ್ಕಳದ್ದೇ ಕಾಲೇಜು ಬೇಕಿದ್ದರೆ ಮಹಾರಾಣಿ ಇದೆ, ಅದೀಗ ಕ್ಲಸ್ಟರ್ ವಿಶ್ವವಿದ್ಯಾಲಯ, ಅಂದರೆ ಕೆಲವು ಕಾಲೇಜು ಸೇರಿಸಿ ಮಾಡಿದ ವಿಶ್ವವಿದ್ಯಾಲಯ.

ದುಡ್ಡಿನ ಚಿಂತೆ ಜಾಸ್ತಿ ಬೇಡ. ಸರ್ಕಾರಿ ಕಾಲೇಜಿನ ಫೀಸು ಕಡಿಮೆ, ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿಎಂಟಿಸಿ ಬಸ್ಸಿಗೆ ಟಿಕೆಟ್ ಖರ್ಚಿಲ್ಲ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ವೆಬ್‌ಸೈಟ್) ಅರ್ಜಿ ಹಾಕುವಾಗ ಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಮನೆ ಹತ್ತಿರದ ಕಾಲೇಜಿನಲ್ಲಿ ಅವಳಿಗೆ ಬೇಕಾದ ಕಾಂಬಿನೇಷನ್ ಇದ್ದು ಇತಿಹಾಸಕ್ಕೆ ಮೇಷ್ಟ್ರೂ ಇದ್ದರೆ ಅಲ್ಲೇ ಸೇರಿಸಿ, ಗ್ರಂಥಾಲಯಕ್ಕೆ ಶನಿವಾರ ಹೋಗಿ ಬರಲಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಸಿಟಿ ಬಸ್ಸು ಹತ್ತಿಸಿ.