ದರೆ ಮೇಲಿನ ನೆಕ್ಕರಿಕೆ

ಹೊಸನಗರದಿಂದ ಕೊಡಚಾದ್ರಿ ಕಡೆ ಹೋಗೋವಾಗ ರಸ್ತೆಗೆ ಅಂತ ಗುಡ್ಡ ಕಡಿದಾಗ ಉಳಿಯೋ ನೆಟ್ಟಗಿನ ಮಣ್ಣಿನ ಬದಿ, ಅಂದ್ರೆ ದರೆ ನೋಡಿ, ಮೇಲ್ಮಣ್ಣೆಲ್ಲ ಮಳೆಗೆ ಕೊಚ್ಕೊಂಡು ಹೋಗಿ ಬರೀ ಕೆಂಪು ಜಂಬಿಟ್ಟಿಗೆ ಮಣ್ಣು ಉಳಿದಿರುತ್ತೆ, ಅಲ್ಲೂ ನೆಕ್ಕರಿಕೆ ದಟ್ಟವಾಗಿ ಎದ್ದಿರುತ್ತೆ. ನೆಕ್ಕರೆ ಅಂತಾನೂ ಕರೀತಾರೆ. ಆಳೆತ್ತರದ ಪೊದೆ, ವರ್ಷಪೂರ್ತಿ ಹಸಿರು. ಎಲೆ ಮುಟ್ಟಿದ್ರೆ ದರಗು ದರಗು, ಬುಡದಿಂದ ತುದಿವರೆಗೆ ಮೂರು ನರ ಉದ್ದಕ್ಕೆ ಓಡಿರುತ್ತೆ, ಮಧ್ಯೆ ಏಣಿ ಮೆಟ್ಟಿಲ ಥರ ಅಡ್ಡ ನರಗಳು. ಹೊಟ್ಟೆ ಕೆಟ್ಟಾಗ ಇದರ ಕುಡಿ ಚಿವುಟಿ ತಂದು ತಂಬುಳಿ ಮಾಡೋದು ನಮ್ಮ ಕಡೆ ರೂಢಿ.

ಇಷ್ಟು ಬಡ ಮಣ್ಣಲ್ಲಿ ಹೆಂಗೆ ಬದುಕುತ್ತೆ ಅನ್ನೋದೇ ನಂಗೆ ದೊಡ್ಡ ಸೋಜಿಗ. ನಮ್ಮ ಮಳೆ ಮಣ್ಣಿನ ಸುಣ್ಣದಂಶ ತೊಳೆದು ಹುಳಿ ಮಾಡಿಬಿಡುತ್ತೆ, ಹುಳಿ ಜಾಸ್ತಿ ಆದ್ರೆ ಮಣ್ಣಲ್ಲಿರೋ ಅಲ್ಯೂಮಿನಿಯಂ ಕರಗಿ ನೀರಿಗೆ ಬರುತ್ತೆ, ಅದು ಹೆಚ್ಚಿನ ಗಿಡಗಳ ಬೇರಿನ ತುದಿಗೆ ವಿಷ, ಬೇರು ಮೊಂಡಾಗಿ ಗಿಡ ಸೊರಗುತ್ತೆ. ನೆಕ್ಕರಿಕೆ ಮಾತ್ರ ಅದನ್ನೇ ಹೀರ್ಕೊಳ್ಳುತ್ತೆ! ಗಿಡದೊಳಗೇ ತಯಾರಾಗೋ ಸಿಟ್ರೇಟ್ ಅನ್ನೋ ಹುಳಿ ಅಂಶದ ಜೊತೆ ಕಟ್ಟಿ ಮೇಲಕ್ಕೆ ಸಾಗಿಸಿ, ಎಲೆಯಲ್ಲಿ ಆಕ್ಸಲೇಟ್ ಅನ್ನೋ ಅಂಥದ್ದೇ ಇನ್ನೊಂದು ಅಂಶದ ಜೊತೆ ಸೇರಿಸಿ ಇಟ್ಕೊಳ್ಳುತ್ತೆ, ಹಾಗೆ ಕಟ್ಟಿಟ್ಟ ಅಲ್ಯೂಮಿನಿಯಂ ಗಿಡಕ್ಕೆ ತೊಂದರೆ ಕೊಡಲ್ಲ. ಒಂದು ಕಿಲೋ ಒಣ ಎಲೆಯಲ್ಲಿ 1 ಗ್ರಾಂ ದಾಟಿದ್ರೇನೇ ಅಲ್ಯೂಮಿನಿಯಂ ಕೂಡಿಡೋ ಗಿಡ ಅಂತಾರೆ, ಇದರಲ್ಲಿ 10 ಗ್ರಾಂವರೆಗೂ ಸಿಕ್ಕಿದೆ. ಜಪಾನಿನ ವಿಜ್ಞಾನಿಗಳು ಬೆಳೆಸಿ ನೋಡಿದಾಗ ಅಲ್ಯೂಮಿನಿಯಂ ಕೊಟ್ಟ ಗಿಡವೇ ಚೆನ್ನಾಗಿ ಬೆಳೀತು. ಬ್ಯಾಣದಲ್ಲಿ, ಅಂದ್ರೆ ಹುಲ್ಲಿಗೆ ಅಂತ ಬಿಟ್ಟ ಜಾಗದಲ್ಲಿ, ಇದನ್ನ ಕಳೆ ಅಂತ ಸವರಿ ಹಾಕೋದು ನೋಡಿದ್ರೆ ನಂಗೆ ಸಂಕಟ ಆಗುತ್ತೆ.

ಹೂವನ್ನ ಬೆಳಿಗ್ಗೆನೇ ನೋಡಬೇಕು, ಒಂದೇ ದಿನದ ಬಾಳು ಅದಕ್ಕೆ. ನೇರಳೆ ಬಣ್ಣದ ಐದು ಎಸಳು, ನಡುವೆ ಎರಡು ನಮೂನೆ ಕೇಸರ. ಗಿಡ್ಡ ಕೇಸರ ಹಳದಿ, ಕಣ್ಣಿಗೆ ಹೊಡೆಯುತ್ತೆ. ಉದ್ದ ಕೇಸರ ನೇರಳೆ, ಕೊಕ್ಕೆ ಥರ ಬಾಗಿ ಎಸಳಲ್ಲೇ ಮರೆಯಾಗಿರುತ್ತೆ. ಮಕರಂದ ಇಲ್ಲ, ಇರೋದು ಪರಾಗ ಮಾತ್ರ, ಅದೂ ತುದಿಯ ಸಣ್ಣ ತೂತಿನೊಳಗೆ. ತುಡುವೆ ಜೇನಿಗೆ ಅದನ್ನ ಅಲ್ಲಾಡಿಸಿ ಉದುರಿಸೋಕೆ ಬರಲ್ಲ. ಮರ ಕೊರೆಯೋ ಕಪ್ಪು ದುಂಬಿ ಬಂದು ಹೂವನ್ನ ತಬ್ಬಿ ಝೂಂಯ್ ಅಂತ ಮೈ ನಡುಗಿಸಿದ್ರೆ ಪುಡಿ ಚಿಮ್ಮುತ್ತೆ, ದುಂಬಿ ಹಳದಿ ಕೇಸರದಿಂದ ಊಟ ಬಾಚ್ಕೊಳ್ಳೋವಾಗ ಉದ್ದ ಕೇಸರದ ಪುಡಿ ಅದಕ್ಕೆ ಗೊತ್ತೇ ಆಗದಂಗೆ ಮೈಗೆ ಮೆತ್ತಿ ಮುಂದಿನ ಹೂವಿಗೆ ಹೋಗುತ್ತೆ.

ಕಾಯಿ ಹಣ್ಣಾದಾಗ ಅಡ್ಡಾದಿಡ್ಡಿ ಬಿರಿದು ಒಳಗಿನ ಕಪ್ಪು ನೇರಳೆ ತಿರುಳು ಕಾಣುತ್ತೆ. ಚಿಕ್ಕವರಿದ್ದಾಗ ತಿಂದು ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸ್ತಿದ್ವಿ, ಕಪ್ಪಗಾಗಿರ್ತಿತ್ತು. ಇದರ ಕುಲದ ಹೆಸರು ಮೆಲಸ್ಟೋಮ, ಗ್ರೀಕ್‌ನಲ್ಲಿ ಕಪ್ಪು ಬಾಯಿ ಅಂತಲೇ ಅರ್ಥ. ಹಕ್ಕಿಗಳಿಗೂ ಈ ಹಣ್ಣು ಇಷ್ಟ, ತಿಂದು ಹಾರಿ ಹೋಗಿ ಹೊಸದಾಗಿ ಕಡಿದ ಇನ್ಯಾವುದೋ ದರೆ ಮೇಲೆ ಹಿಕ್ಕೆ ಹಾಕ್ತವೆ.