20 ಸಾವಿರಕ್ಕೆ ಆನೆಗೊಂದಿಯ ಕಲ್ಲು ದಾರಿ ತಾಳಿಕೊಳ್ಳೋ ಸೈಕಲ್ ಸಿಗುತ್ತಾ?

ಪ್ರಶ್ನೆ: ನಾನು ಗಂಗಾವತಿಯವನು. ಭಾನುವಾರ ಆನೆಗೊಂದಿ, ಸಾಣಾಪುರ ಕಡೆಯ ಕಲ್ಲು ದಾರಿಯಲ್ಲಿ ಸೈಕಲ್ ಹೊಡೆಯುವ ಆಸೆ. ಕೈಯಲ್ಲಿ 20 ಸಾವಿರ ಇದೆ. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರೋ ಸೈಕಲ್ ಅದಕ್ಕಿಂತ ಕಡಿಮೆಗೇ ಸಿಗ್ತಿದೆ. ತಗೊಳ್ಳಲಾ?

ಉತ್ತರ: ಬೇಡ. ನಾನು ತಗೊಂಡು ಅನುಭವಿಸಿದ್ದೇನೆ.

ನನ್ನದು ಕೆಂಪು ಬಣ್ಣದ್ದು. ಸೀಟಿನ ಕೆಳಗೆ ತೋಳಿನಷ್ಟು ದಪ್ಪ ಸ್ಪ್ರಿಂಗ್. ಓಣಿಯ ಹುಡುಗರೆಲ್ಲ ಬಂದು ಒತ್ತಿ ನೋಡಿದ್ದರು. ಏರು ಬಂದಾಗ ಮಾತ್ರ ನಾನು ತುಳಿದಷ್ಟೂ ಸೀಟು ಕುಣಿಯುತ್ತಿತ್ತು, ಸೈಕಲ್ ಮುಂದೆ ಹೋಗುತ್ತಿರಲಿಲ್ಲ. ಮೂರನೇ ತಿಂಗಳು ಸಾಣಾಪುರ ಕೆರೆಯ ಆಚೆ ಒಂದು ಸಣ್ಣ ಬಂಡೆ ಇಳಿಸಿದೆ. ಟಕ್ ಅಂತ ಸದ್ದು. ಹಿಂದಿನ ಚಕ್ರ ಒಂದು ಕಡೆ ವಾಲಿ ಫ್ರೇಮ್‌ಗೆ ಉಜ್ಜತೊಡಗಿತು. ತಳ್ಳಿಕೊಂಡೇ ವಾಪಸ್ ಬಂದೆ. ಸೈಕಲ್ ಶಾಪ್ ಕಾಕಾ ಚಕ್ರ ಬಿಚ್ಚಿ, ಬಾಗಿದ ಆಕ್ಸಲ್ ನನ್ನ ಕೈಗಿಟ್ಟರು. "ಸ್ಪ್ರಿಂಗ್ ನೋಡಿ ತಗೊಂಡೀರಿ, ಒಳಗ ಏನೈತಿ ನೋಡಲಿಲ್ಲ" ಅಂದರು.

ಒಳಗೆ ಇದ್ದದ್ದು ಫ್ರೀವೀಲ್. ಅಗ್ಗದ ಗೇರ್ ಸೈಕಲ್‌ಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು ಹಬ್ (ಚಕ್ರದ ನಡುವಿನ ಭಾಗ) ಮೇಲೆ ತಿರುಪಿ ಕೂರಿಸಿರುತ್ತಾರೆ, ಅದೇ ಫ್ರೀವೀಲ್. ಆಗ ಚೈನ್ ಕಡೆಯ ಬೇರಿಂಗ್ ಒಳಗೇ ಉಳಿಯುತ್ತದೆ. ಅದರಾಚೆ ಆಕ್ಸಲ್‌ನ ಒಂದಷ್ಟು ಉದ್ದಕ್ಕೆ ಯಾವ ಆಸರೆಯೂ ಇಲ್ಲ. ಕಲ್ಲಿನ ಮೇಲಿಂದ ಬಿದ್ದ ಪೆಟ್ಟು ಅಲ್ಲೇ ಕೂರುತ್ತದೆ, ಆಕ್ಸಲ್ ಬಾಗುತ್ತದೆ. ಹಲ್ಲುಚಕ್ರಗಳನ್ನು ತಿರುಪದೆ ಜಾರಿಸಿ ಕೂರಿಸುವ ಬಗೆಗೆ ಕ್ಯಾಸೆಟ್ ಅಂತಾರೆ. ಅದಿರುವ ಹಬ್‌ನಲ್ಲಿ ಬೇರಿಂಗ್ ತುದಿಯ ಹತ್ತಿರಕ್ಕೇ ಬಂದಿರುತ್ತದೆ. ಅದಕ್ಕೇ ಅದು ಗಟ್ಟಿ.

ಯಾವುದಿದೆ ಅಂತ ಅಂಗಡಿಯಲ್ಲೇ ನೋಡಬಹುದು. ಹಿಂದಿನ ಚಕ್ರ ಹಿಡಿದುಕೊಂಡು ಪೆಡಲ್ ಹಿಂದಕ್ಕೆ ತಿರುಗಿಸಿ. ಅತಿ ಚಿಕ್ಕ ಹಲ್ಲುಚಕ್ರದ ನಡುವೆ, ಪಾನಾ ಕೂರಲು ಕಚ್ಚುಗಳಿರುವ ಬಳೆ ಕಾಣುತ್ತದೆ. ಹಲ್ಲುಚಕ್ರದ ಜೊತೆ ಆ ಬಳೆಯೂ ತಿರುಗಿದರೆ ಕ್ಯಾಸೆಟ್. ಅದು ಸುಮ್ನೆ ನಿಂತಿದ್ದರೆ ಫ್ರೀವೀಲ್. "21 ಗೇರ್" ಅಂದರೆ ಮುಂದೆ 3, ಹಿಂದೆ 7. ಹಿಂದೆ 7 ಇದ್ದರೆ ಬಹುಪಾಲು ಫ್ರೀವೀಲೇ. ಅದರ ಬದಲು ಮುಂದೆ ಒಂದೇ, ಹಿಂದೆ 8 ಅಥವಾ 9 ಇದ್ದು, ಕ್ಯಾಸೆಟ್ ಇರುವ ಸೈಕಲ್ ಸಿಕ್ಕರೆ ಕಣ್ಣುಮುಚ್ಚಿ ಅದರ ಕಡೆ ವಾಲಿ. ಗೇರ್ ಮಾಡುವ ಶಿಮಾನೋ ಕಂಪನಿಯ ಸ್ಟಿಕರ್ ನೋಡಿ ಮರುಳಾಗಬೇಡಿ. ಅದರಲ್ಲೂ ಟೂರ್ನಿ ಕೆಳಗಿನ ಮೆಟ್ಟಿಲು, ಆಲ್ಟಸ್, ಏಸೆರಾ ಅದಕ್ಕಿಂತ ಮೇಲೆ.

ಶಾಕ್ ಮುಂದೆ ಮಾತ್ರ ಸಾಕು, ಒತ್ತಿದರೆ 80 ರಿಂದ 100 ಮಿ.ಮೀ. ಕುಗ್ಗುವಂಥದ್ದು. ಹ್ಯಾಂಡಲ್ ಒತ್ತಿ ಬಿಟ್ಟರೆ ಚೆಂಡಿನ ಹಾಗೆ ಪುಟಿಯಬಾರದು. ಬ್ರೇಕ್ ಡಿಸ್ಕ್ ಇರಲಿ. ಹೈಡ್ರಾಲಿಕ್ ಹಿಡಿತ ಚೆನ್ನ, ಆದರೆ ಅದರ ಆಯಿಲ್ ಬದಲಿಸುವವರು ಊರಲ್ಲಿದ್ದಾರಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಕೇಬಲ್ ಡಿಸ್ಕೇ ವಾಸಿ. ಚಕ್ರ 27.5 ಅಥವಾ 29 ಇಂಚು. 29ರದ್ದು ಕಲ್ಲಿನ ಮೇಲೆ ಸಲೀಸಾಗಿ ಹತ್ತಿ ಇಳಿಯುತ್ತದೆ. ಫ್ರೇಮ್‌ನ ಆಚೆ ಈಚೆ ಕಾಲಿಟ್ಟು ನೆಲದ ಮೇಲೆ ನಿಂತರೆ, ಅದರ ಮೇಲಿನ ಕೊಳವೆಗೂ ತೊಡೆಸಂದಿಗೂ ನಡುವೆ ಎರಡು ಇಂಚಾದರೂ ಜಾಗ ಇರಬೇಕು. ಇದೊಂದನ್ನು ಅಂಗಡಿಯವರು ಬೇಡ ಅಂದರೂ ಬಿಡಬೇಡಿ.

ಈ ಎಲ್ಲ ಸೇರಿ ಹೊಸದು 20 ಸಾವಿರದೊಳಗೆ ಸಿಗದೇ ಇದ್ದರೆ ಹಳೆಯದನ್ನು ಹುಡುಕಿ. ಒಂದು ವರ್ಷ ಓಡಿಸಿ ಮೂಲೆಗಿಟ್ಟ ಒಳ್ಳೇ ಸೈಕಲ್, ಹೊಸ ಡಬಲ್ ಶಾಕ್‌ಗಿಂತ ಮೇಲು. ಹಿಂದಿನ ಚಕ್ರ ಎತ್ತಿ ತಿರುಗಿಸಿ, ಅದು ಓಲಾಡುತ್ತದಾ ಅಂತ ನೋಡಿ.

ಇನ್ನು ಟೈರ್. 2.1 ಇಂಚಿಗಿಂತ ಕಡಿಮೆ ಅಗಲದ್ದು ಬೇಡ. ನಮ್ಮ ಕಡೆ ಸೈಕಲ್ ಹೊಡೆಯುವವರ ದೊಡ್ಡ ಶತ್ರು ಬಂಡೆ ಅಲ್ಲ, ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಅಮೆರಿಕ ಖಂಡದಿಂದ ಬಂದ ಗಿಡ ಅದು. ಆದರೆ ಮುಳ್ಳು ನಮ್ಮದೇ ಟೈರಿಗೆ! ಟ್ಯೂಬ್ ಒಳಗೆ ಸೀಲೆಂಟ್ ಹಾಕಿಸಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿ ಕಲ್ಲು ದಾರಿಗೆ 30ರಿಂದ 35 ಪಿಎಸ್‌ಐ ಸಾಕು. ತೀರಾ ಕಡಿಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಮಳೆ ಬಂದ ಮರುದಿನ ಎರೆ ಹೊಲದ ದಾರಿ ಹಿಡಿಯಲೇಬೇಡಿ. ಚಕ್ರ ಹತ್ತು ಸುತ್ತು ತಿರುಗುವುದರೊಳಗೆ ಮಣ್ಣು ಫೋರ್ಕ್‌ಗೆ (ಮುಂದಿನ ಚಕ್ರ ಹಿಡಿದಿರುವ ಕವಲು) ಕಚ್ಚಿ ಚಕ್ರ ನಿಂತೇಹೋಗುತ್ತದೆ.

20 ಸಾವಿರವನ್ನೂ ಸೈಕಲ್ಲಿಗೇ ಸುರಿಯಬೇಡಿ. ಹೆಲ್ಮೆಟ್, ಕೈ ಪಂಪ್, ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್‌ಗೆ ಅದರಲ್ಲೇ ಎತ್ತಿಡಿ. ದಾರಿಯಲ್ಲಿ ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ, ಮೆಲ್ಲಗೆ. ಮುರಿದ ಮುಳ್ಳಿನ ತುದಿ ಅಲ್ಲೇ ಎಲ್ಲೋ ಕಾದು ಕೂತಿರುತ್ತದೆ.